ಕನಕಗಿರಿಯ ವೈಯಾಕರಣ ಮತ್ತು ಭಾಷೆಯೊಳಗಿನ ಭಾಷೆ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಶಿಕ್ಷಕರಾದ ನೀವು ಮಕ್ಕಳನ್ನು ಮಲೆಯೂರಿನ ಕನಕಗಿರಿ ಬೆಟ್ಟಕ್ಕೆ ಕರೆದೊಯ್ದಿರಬಹುದು. ಸುಮಾರು 5-6ನೆಯ ಶತಮಾನದ ಪೂಜ್ಯಪಾದರು (ದೇವನಂದಿ) ಇಲ್ಲಿ ತಪಸ್ಸು ಮಾಡಿದರೆಂಬುದು ಜೈನ ಪರಂಪರೆಯ ನಂಬಿಕೆ. ಅವರ 'ಜೈನೇಂದ್ರ ವ್ಯಾಕರಣ'ದಲ್ಲಿ ಗಣಕ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ.

ನಿರ್ದಿಷ್ಟ ಕೆಲಸಕ್ಕೆ ಹೊಸ ಪ್ರೋಗ್ರಾಮಿಂಗ್ ಭಾಷೆ ಬೇಕಾದಾಗ ಎಲ್ಲವನ್ನೂ ಬುಡದಿಂದ ಕಟ್ಟಬೇಕಿಲ್ಲ. ಇರುವ ಭಾಷೆಯೊಂದರ ರಚನೆಯನ್ನೇ ಎರವಲು ಪಡೆದು ಅದಕ್ಕೆ ವಿಶೇಷ ಅರ್ಥ ಕೊಡಬಹುದು. ಆಶ್ರಯ ನೀಡುವುದು ಆತಿಥೇಯ ಭಾಷೆ. ಚೌಕಟ್ಟು ಒಂದೇ ಇರಲಿ, ಮೂಲಪದಗಳಷ್ಟೇ ಬದಲಾಗಲಿ ಎಂಬ ವಿಚಾರವನ್ನು ಪೀಟರ್ ಲ್ಯಾಂಡಿನ್ 1966ರಲ್ಲಿ ಮಂಡಿಸಿದರು. ಪಾಲ್ ಹುಡಾಕ್ 1996 ಮತ್ತು 1998ರಲ್ಲಿ ಹ್ಯಾಸ್ಕೆಲ್ ಭಾಷೆಯನ್ನು ಆತಿಥೇಯವಾಗಿಸಿ, ಇಂಥ ಒಳಭಾಷೆಗಳನ್ನು ಬಿಡಿ ಘಟಕಗಳಾಗಿ ಜೋಡಿಸುವ ಬಗೆಯನ್ನು ವಿವರಿಸಿದರು.

ಈಗ ಪಾಣಿನಿಯನ್ನು ನೋಡಿ. 'ಅತಿ + ಅಂತ = ಅತ್ಯಂತ' ಎಂಬ ಯಣ್ ಸಂಧಿ ನಿಮಗೆ ಗೊತ್ತು. ಇದರ ಸೂತ್ರದಲ್ಲಿರುವುದು ಮೂರೇ ಪದ, ಕ್ರಿಯಾಪದವೇ ಇಲ್ಲ. ಹೋಗಬೇಕಾದ ಅಕ್ಷರ ಷಷ್ಠೀ ವಿಭಕ್ತಿಯಲ್ಲಿದೆ, ಅದರ ಜಾಗಕ್ಕೆ ಬರುವುದು ಪ್ರಥಮೆಯಲ್ಲಿ, ಮುಂದೆ ಏನಿದ್ದರೆ ಈ ಬದಲಾವಣೆ ಎಂಬುದು ಸಪ್ತಮಿಯಲ್ಲಿ. ಆತಿಥೇಯ ಸಂಸ್ಕೃತದ ದಿನಬಳಕೆಯ ಪ್ರತ್ಯಯಗಳೇ ಇಲ್ಲಿ ಆದೇಶಗಳಾಗಿವೆ. ಬ್ಯಾಕಸ್ ಸಂಕೇತ ಪದ್ಧತಿಯನ್ನು 'ಪಾಣಿನಿ-ಬ್ಯಾಕಸ್ ರೂಪ'ವೆಂದು ಕರೆಯಬೇಕೆಂದು ಇಂಗರ್‌ಮನ್ 1967ರಲ್ಲಿ ಸೂಚಿಸಿದ್ದುಂಟು. ಹಾಗೆಂದು ಪಾಣಿನಿಯಿಂದ ಹುಡಾಕ್‌ವರೆಗೆ ನೇರ ಗೆರೆ ಎಳೆಯುವುದು ತಪ್ಪು. ಇಬ್ಬರೂ ಎದುರಿಸಿದ ಸಮಸ್ಯೆಯಲ್ಲಿ ಹೋಲಿಕೆಯಿದೆ, ಅಷ್ಟೆ.

ಪೂಜ್ಯಪಾದರು ಈ ಯಂತ್ರವನ್ನು ಮುರಿಯಲಿಲ್ಲ. ಪಾರಿಭಾಷಿಕ ಪದಗಳ ಪದರವನ್ನು ಮಾತ್ರ ಕಳಚಿ ಬೇರೆಯದನ್ನು ಕೂಡಿಸಿದರು. ಸಮಾಸ ಅವರಲ್ಲಿ 'ಸ' ಆಯಿತು, ಧಾತು 'ಧು' ಆಯಿತು. ಗುಣಕ್ಕೆ 'ಏಪ್', ವೃದ್ಧಿಗೆ 'ಐಪ್'. ವಿಭಕ್ತಿಗಳ ಹೆಸರುಗಳಂತೂ ಸೊಗಸು. 'ವಿಭಕ್ತೀ' ಪದವನ್ನು ಬಿಡಿಸಿ: ವ್, ಇ, ಭ್, ಅ, ಕ್, ತ್, ಈ. ಸರಿಯಾಗಿ ಏಳು ವರ್ಣ! ವ್ಯಂಜನಕ್ಕೆ 'ಆ', ಸ್ವರಕ್ಕೆ 'ಪ್' ಸೇರಿಸಿದರೆ ವಾ, ಇಪ್, ಭಾ, ಅಪ್, ಕಾ, ತಾ, ಈಪ್. ಇವೇ ಕ್ರಮವಾಗಿ ಪ್ರಥಮೆಯಿಂದ ಸಪ್ತಮಿಯವರೆಗಿನ ಹೆಸರುಗಳು. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿ, ಐದು ನಿಮಿಷ ಸಾಕು.

ಬಾಯಿಪಾಠದ ಕಾಲದಲ್ಲಿ ಪ್ರತಿ ಮಾತ್ರೆಯ ಉಳಿತಾಯವೂ ಲಾಭವೇ. ಆದರೆ ಬೆಲೆಯೂ ಇದೆ. 'ವೃದ್ಧಿ' ಎಂದರೆ ಬೆಳವಣಿಗೆ. ಆತಿಥೇಯ ಭಾಷೆಯ ಅರ್ಥವೇ ನೆನಪಿಗೆ ಊರುಗೋಲು. 'ತಾ' ಎಂಬುದರಲ್ಲಿ ಆ ಆಸರೆಯಿಲ್ಲ, ಕೀಲಿ ಗೊತ್ತಿಲ್ಲದವನಿಗೆ ಅದು ಬರೀ ಸದ್ದು. ಅತಿ ಸಂಕ್ಷಿಪ್ತ ಹೆಸರುಗಳಿಂದ ಪ್ರೋಗ್ರಾಂ ಬರೆದು, ತಿಂಗಳ ಬಳಿಕ ತಾವೇ ಓದಲಾಗದೆ ಕುಳಿತವರಿಗೆ ಇದು ಅರ್ಥವಾದೀತು. ನನ್ನ ಮತ ಪಾಣಿನಿಯ ಕಡೆಗೇ. 'ಏಪ್', 'ಐಪ್'ಗಳಿಗೆ ಮಾತ್ರ ವಿನಾಯಿತಿ: ಸಂಧಿಯಲ್ಲಿ ಬರುವ ಏ, ಐ ಸ್ವರಗಳನ್ನು ಹೆಸರೇ ಹೇಳುತ್ತದೆ.

ಇದೇ ಸೂತ್ರಪದ್ಧತಿ ಮುಂದೆ ಕನ್ನಡಕ್ಕೂ ದುಡಿಯಿತು. 1604ರಲ್ಲಿ ಭಟ್ಟಾಕಳಂಕರು 592 ಸೂತ್ರಗಳ 'ಕರ್ಣಾಟಕ ಶಬ್ದಾನುಶಾಸನ' ರಚಿಸಿದರು. ಆತಿಥೇಯ ಭಾಷೆ ಸಂಸ್ಕೃತ, ವಿವರಿಸಿದ್ದು ಕನ್ನಡವನ್ನು. ಸೂತ್ರಗಳಷ್ಟೇ ಸಾಲದೆಂದು ಅವಕ್ಕೆ ವ್ಯಾಖ್ಯಾನವನ್ನೂ ಅವರೇ ಬರೆದರು.