ವಾರಣಾ ಕಣಿವೆಯಲ್ಲಿ ಹುಲಿಯ ಲೆಕ್ಕ



ಸಾಂಗಲಿಯ ಹತ್ತಿರ ಹರಿಪುರದ ಸಂಗಮಕ್ಕೆ ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ. ಅಲ್ಲಿ ಕೃಷ್ಣೆಯನ್ನು ಕೂಡುವ ವಾರಣಾ ನದಿ ಎಲ್ಲಿಂದ ಬರುತ್ತದೆ? ಪಶ್ಚಿಮಕ್ಕೆ, ಶಿರಾಳಾ ತಾಲೂಕಿನ ತುದಿಯಲ್ಲಿರುವ ಚಾಂದೋಲಿಯ ಕಾಡುಗುಡ್ಡಗಳಿಂದ. ಮಳೆಗೆ ಬಾಯಿ ಬಿಡುವ ಜತ್ತ ಸೀಮೆಯವರಿಗೆ, ಅಂಥ ದಟ್ಟಡವಿ ನಮ್ಮ ಜಿಲ್ಲೆಯಲ್ಲಿಯೇ ಇದೆ ಎಂದರೆ ಪಟ್ಟನೆ ನಂಬಿಕೆ ಬಾರದು.

ಈ ಕಾಡು 1985ರಲ್ಲಿ ಅಭಯಾರಣ್ಯವಾಯಿತು, 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2010ರಲ್ಲಿ ಕೊಯ್ನಾದ ಕಾಡನ್ನೂ ಕೂಡಿಸಿ ಸಹ್ಯಾದ್ರಿ ಹುಲಿ ರಕ್ಷಿತಾರಣ್ಯ ಎಂದರು. ಆಣೆಕಟ್ಟಿಗೆ ಕೆಲವರು, ಕಾಡಿಗೆ ಕೆಲವರು ಹೊಲಮನೆ ಬಿಟ್ಟು ಕೆಳಗಿನ ಬಯಲಿಗೆ ಬಂದರು. ಬದಲಿ ಜಮೀನಿಗಾಗಿ ವರ್ಷಗಟ್ಟಲೆ ಹೋರಾಡಿದರು. ಅಂಥವರು, "ಅಲ್ಲಾ, ಅಲ್ಲಿ ಹುಲಿ ಐತೇನು?" ಎಂದು ಕೇಳಿದರೆ ಅದು ಕುಚೋದ್ಯವಲ್ಲ. ಉತ್ತರ ಕೊಡಲೇಬೇಕಾದ ಪ್ರಶ್ನೆ.

ಮೊದಲು ಉತ್ತರ ಹುಡುಕುತ್ತಿದ್ದುದು ಹೆಜ್ಜೆಯಲ್ಲಿ. 1972ರಲ್ಲಿ ದೇಶದ ಹುಲಿಗಳನ್ನು ಎಣಿಸಿದಾಗ ಮಣ್ಣಿನ ಮೇಲಿನ ಹೆಜ್ಜೆಗುರುತನ್ನು ನಂಬಿದ್ದರು. ಗಾಜಿನ ಮೇಲೆ ಗುರುತನ್ನು ಬರೆದುಕೊಂಡು, ಇದು ಆ ಹುಲಿ, ಇದು ಬೇರೆ ಹುಲಿ ಎಂದು ಹೇಳುವ ಪದ್ಧತಿ. ಆದರೆ ಕೆಸರಿನಲ್ಲಿ ಒಂದು ಆಕಾರ, ಧೂಳಿನಲ್ಲಿ ಇನ್ನೊಂದು ಆಕಾರ! 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲ ಎಂಬುದು ಬಯಲಾದಾಗ ಆ ಲೆಕ್ಕದ ಬಂಡವಾಳವೂ ಬಯಲಾಯಿತು.

ಬೇರೆ ದಾರಿಯನ್ನು ಆಗಲೇ ಕನ್ನಡ ನಾಡಿನ ನಾಗರಹೊಳೆಯಲ್ಲಿ ಕಂಡುಕೊಂಡಿದ್ದರು. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಅಲ್ಲಿ ಹುಲಿ ನಡೆಯುವ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿದರು. ಪ್ರಾಣಿ ಹಾದುಹೋದರೆ ಅದು ತಾನೇ ಫೋಟೋ ತೆಗೆಯುತ್ತದೆ. ಎರಡು ಬದಿ ಏಕೆಂದರೆ, ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೆ ಇರುವುದಿಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಮಾಡಗ್ಯಾಳದ ಕುರುಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಡು ಎಷ್ಟೇ ದೊಡ್ಡದಿರಲಿ, ಒಂದೊಂದು ಕುರಿಯ ಮೋರೆ ಅವರಿಗೆ ಬೇರೆ ಬೇರೆಯಾಗಿಯೇ ಕಾಣುತ್ತದೆ. ಕಂಡ ಹುಲಿಯೇ ಎಷ್ಟು ಸಲ ಮರಳಿ ಕಂಡಿತು, ಹೊಸದು ಎಷ್ಟು ಬಂತು ಎಂಬುದರ ಮೇಲೆ, ಕ್ಯಾಮೆರಾಕ್ಕೆ ಸಿಗದೆ ಉಳಿದವು ಎಷ್ಟಿರಬಹುದು ಎಂದು ಗಣಿತ ಹಾಕುತ್ತಾರೆ. 2006ರಿಂದ ದೇಶದ ಹುಲಿಗಣತಿಯಲ್ಲಿಯೂ ಹೆಜ್ಜೆಯ ಲೆಕ್ಕ ಬಿಟ್ಟು ಕ್ಯಾಮೆರಾ ಹಿಡಿದರು.

ನಮ್ಮ ಚಾಂದೋಲಿಯಲ್ಲಿಯೂ ಕ್ಯಾಮೆರಾ ಕಟ್ಟಿದರು. ಹುಲಿಯ ಹೆಸರು ಹೊತ್ತ ಕಾಡಿನಲ್ಲಿ ವರ್ಷಗಳ ಕಾಲ ಚಿರತೆ ಬಂತು, ಕಾಟಿ ಬಂತು, ಕರಡಿ ಬಂತು. ಹುಲಿ ಮಾತ್ರ ಬರಲಿಲ್ಲ. 2018ರ ಮೇ ತಿಂಗಳಲ್ಲಿ ಕೊನೆಗೂ ಒಂದು ಗಂಡುಹುಲಿ ಸಿಕ್ಕಿತು. ಎರಡು ವರ್ಷದ ಮೇಲೆ, 2020ರಲ್ಲಿ, ಉತ್ತರ ಕನ್ನಡದ ಕಾಳಿ ಹುಲಿ ರಕ್ಷಿತಾರಣ್ಯದ ಕ್ಯಾಮೆರಾದಲ್ಲಿ ಒಂದು ಹುಲಿ ಮೂಡಿತು. ಪಟ್ಟೆಗೆ ಪಟ್ಟೆ ಹೊಂದಿಸಿ ನೋಡಿದರೆ, ಅದೇ ಹುಲಿ! ಎರಡು ಕಾಡುಗಳ ನಡುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದೂರ. ರಾಧಾನಗರಿ, ತಿಲಾರಿಯ ಕಡೆಯ ಕಾಡುಪಟ್ಟಿ ಅವೆರಡನ್ನೂ ಕೂಡಿಸುತ್ತದೆ. ನಡುನಡುವೆ ತೋಟ, ಡಾಂಬರು ರಸ್ತೆ, ಊರು. ಮರಾಠಿಯ ಕಾಡಿನಿಂದ ಕನ್ನಡದ ಕಾಡಿಗೆ ಅದು ಯಾವ ರಾತ್ರಿ, ಯಾವ ಹಳ್ಳ ದಾಟಿ ಹೋಯಿತೋ, ಕಂಡವರಿಲ್ಲ. ಎರಡು ರಾಜ್ಯಗಳ ಫೋಟೋಗಳನ್ನು ಅಕ್ಕಪಕ್ಕ ಇಟ್ಟ ದಿನವೇ ಗೊತ್ತಾದದ್ದು.