ಗ್ರೀನಿಚ್‌ನ ಸೊನ್ನೆ ರೇಖೆ: ಉಪಕರಣ, ಪಂಚಾಂಗ, ಮತದಾನ

ಲಂಡನ್ನಿನ ಆಗ್ನೇಯ ಭಾಗದಲ್ಲಿ, ಗ್ರೀನಿಚ್ ಗುಡ್ಡದ ಮೇಲಿರುವ ರಾಯಲ್ ವೀಕ್ಷಣಾಲಯದ ಅಂಗಳದಲ್ಲಿ ನೆಲಕ್ಕೆ ಕೂರಿಸಿದ ಲೋಹದ ಪಟ್ಟಿಯೊಂದಿದೆ. ಬಂದವರು ಅದರ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲೇ ನಿಂತು ಮೊಬೈಲಿನ ಜಿಪಿಎಸ್ ನೋಡಿದರೆ ಮಾತ್ರ ರೇಖಾಂಶ ಸೊನ್ನೆ ಎಂದು ತೋರಿಸುವುದಿಲ್ಲ. ಸೊನ್ನೆ ಕಾಣಬೇಕಾದರೆ ಪೂರ್ವಕ್ಕೆ ಸುಮಾರು 102 ಮೀಟರು ನಡೆಯಬೇಕು. ಇದನ್ನು ಹಳಬರ ಅಳತೆಯ ತಪ್ಪೆಂದು ಹೇಳಿ ಮುಗಿಸುವವರಿದ್ದಾರೆ. ಆ ಮಾತನ್ನು ಗ್ರೀನಿಚ್‌ನ ಚರಿತ್ರೆ ಒಪ್ಪುವುದಿಲ್ಲ. ಅಲ್ಲಿನ ಸೊನ್ನೆ ರೇಖೆಯೆಂದರೆ ಒಂದು ಉಪಕರಣ ನಿಂತ ಜಾಗ. ಉಪಕರಣ ಬದಲಾದಾಗ ರೇಖೆಯೂ ಸರಿದಿದೆ.

ಎರಡನೆಯ ಚಾರ್ಲ್ಸ್ ದೊರೆ 1675ರಲ್ಲಿ ಈ ವೀಕ್ಷಣಾಲಯವನ್ನು ಕಟ್ಟಿಸಿದ್ದು ನಾವಿಕರಿಗಾಗಿ. ಕ್ರಿಸ್ಟೋಫರ್ ರೆನ್ ಕಟ್ಟಡದ ವಿನ್ಯಾಸ ಮಾಡಿದ. ಹಳೆಯ ಗೋಪುರದ ಅಡಿಪಾಯದ ಮೇಲೆಯೇ ಗೋಡೆ ಎದ್ದಿತು. ಕೆಟ್ಟುಹೋದ ಕೋವಿಮದ್ದನ್ನು ಮಾರಿ ಹಣ ಹೊಂದಿಸಲಾಯಿತು. ಮೊದಲ ರಾಜಖಗೋಳಜ್ಞ ಜಾನ್ ಫ್ಲ್ಯಾಮ್‌ಸ್ಟೀಡನಿಗೆ ವರ್ಷಕ್ಕೆ 100 ಪೌಂಡು ಸಂಬಳ. ನಕ್ಷತ್ರಗಳ ಸ್ಥಾನವನ್ನು ನಿಖರವಾಗಿ ಗುರುತಿಸುವುದು ಅವನ ಕೆಲಸ, ನಡುಗಡಲಿನ ಹಡಗಿಗೆ ತನ್ನ ರೇಖಾಂಶ ತಿಳಿಯುವಂತೆ ಮಾಡುವುದು ಅದರ ಗುರಿ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹಡಗು ನಿಂತಲ್ಲಿನ ಸಮಯ ಸೂರ್ಯನಿಂದ ತಿಳಿಯುತ್ತದೆ. ಅದೇ ಗಳಿಗೆಯಲ್ಲಿ ಮೂಲಸ್ಥಾನದಲ್ಲಿ ಗಂಟೆ ಎಷ್ಟು ಎಂಬುದು ತಿಳಿದರೆ ರೇಖಾಂಶ ಸಿಕ್ಕಂತೆಯೇ. ಬ್ರಿಟಿಷ್ ಸಂಸತ್ತು 1714ರಲ್ಲಿ ಇದಕ್ಕೆ 20,000 ಪೌಂಡುಗಳವರೆಗೆ ಬಹುಮಾನ ಘೋಷಿಸಿತು. ಬಡಗಿಯ ಮಗ ಜಾನ್ ಹ್ಯಾರಿಸನ್ ಕಡಲಲ್ಲೂ ಸಮಯ ತಪ್ಪದ ಗಡಿಯಾರ ಮಾಡಿ ತೋರಿಸಿದ ಕಥೆ ಪ್ರಸಿದ್ಧ. ಅವನ ಗಡಿಯಾರಗಳು ಇಂದು ಇದೇ ವೀಕ್ಷಣಾಲಯದಲ್ಲಿ ಪ್ರದರ್ಶನಕ್ಕಿವೆ.

ಆದರೆ ಗ್ರೀನಿಚ್ ಜಗತ್ತಿನ ಸೊನ್ನೆಯಾಗಲು ಹ್ಯಾರಿಸನ್ನನಿಗಿಂತ ಅವನ ಪ್ರತಿಸ್ಪರ್ಧಿಯೇ ಹೆಚ್ಚು ಕಾರಣ ಎಂದು ನನ್ನ ಎಣಿಕೆ. ರಾಜಖಗೋಳಜ್ಞ ನೆವಿಲ್ ಮಾಸ್ಕೆಲೈನ್ ಚಂದ್ರನ ಚಲನೆಯಿಂದ ರೇಖಾಂಶ ಕಂಡುಹಿಡಿಯುವ ಪಕ್ಷದವನು. 1767ನೇ ಸಾಲಿನಿಂದ ಅವನು ಪ್ರಕಟಿಸತೊಡಗಿದ ನೌಕಾ ಪಂಚಾಂಗದ ಲೆಕ್ಕವೆಲ್ಲ ಗ್ರೀನಿಚ್ ಸಮಯದ್ದು. ಆ ಪುಸ್ತಕ ಹಿಡಿದ ನಾವಿಕ ಯಾವ ದೇಶದವನಾದರೂ ರೇಖಾಂಶವನ್ನು ಗ್ರೀನಿಚ್‌ನಿಂದಲೇ ಎಣಿಸಬೇಕಾಯಿತು. ಹೀಗೆ ಒಂದು ಅಗ್ಗದ ಪುಸ್ತಕದ ಬಲದಿಂದ, ಯಾವ ಕಾನೂನೂ ಇಲ್ಲದೆ, ಗ್ರೀನಿಚ್ ಕಡಲಿನ ರೂಢಿಯಾಯಿತು. 1833ರಲ್ಲಿ ವೀಕ್ಷಣಾಲಯದ ಮಾಡಿನ ಮೇಲೆ ಕೆಂಪು ಚೆಂಡೊಂದನ್ನು ಏರಿಸಿ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಬೀಳಿಸುವ ಪದ್ಧತಿ ಬಂತು. ಥೇಮ್ಸ್ ನದಿಯ ಹಡಗುಗಳು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದವು.

ಈ ನಡುವೆ ರೇಖೆ ಇದ್ದಲ್ಲೇ ಇರಲಿಲ್ಲ. ರಾಜಖಗೋಳಜ್ಞರಾದ ಫ್ಲ್ಯಾಮ್‌ಸ್ಟೀಡ್, ಹ್ಯಾಲಿ, ಬ್ರಾಡ್ಲಿ ತಂತಮ್ಮ ಉಪಕರಣಗಳನ್ನು ಬೇರೆಬೇರೆ ಜಾಗದಲ್ಲಿ ನಿಲ್ಲಿಸಿದರು. ಮುಂದೆ ಅದೇ ಹುದ್ದೆಗೆ ಬಂದ ಜಾರ್ಜ್ ಏರಿ 1851ರಲ್ಲಿ ಹೊಸ ಟ್ರಾನ್ಸಿಟ್ ಸರ್ಕಲ್ ದೂರದರ್ಶಕವನ್ನು ಬ್ರಾಡ್ಲಿಯ ರೇಖೆಯಿಂದ ಸುಮಾರು 19 ಅಡಿ ಪೂರ್ವಕ್ಕೆ ಸ್ಥಾಪಿಸಿದ. ಕಾಲದ ಲೆಕ್ಕದಲ್ಲಿ ಇದು ಸೆಕೆಂಡಿನ ಐವತ್ತನೆಯ ಒಂದು ಪಾಲು. ಬ್ರಿಟನ್ನಿನ ಸರ್ವೆ ಇಲಾಖೆಯ ನಕ್ಷೆಗಳು ಬ್ರಾಡ್ಲಿಯ ರೇಖೆಯನ್ನೇ ಉಳಿಸಿಕೊಂಡವು.

ವಾಷಿಂಗ್ಟನ್‌ನಲ್ಲಿ 1884ರ ಅಕ್ಟೋಬರಿನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ ಏರಿಯ ಈ ದೂರದರ್ಶಕದ ಮಧ್ಯರೇಖೆಯನ್ನು ಮೂಲ ರೇಖಾಂಶವಾಗಿ ಆರಿಸಿದರು. ಪರವಾಗಿ 22 ಮತ, ವಿರೋಧವಾಗಿ ಒಂದು; ಫ್ರಾನ್ಸ್ ಮತ್ತು ಬ್ರೆಜಿಲ್ ಮತ ಹಾಕಲಿಲ್ಲ. ಜಗತ್ತಿನ ಹಡಗು ಸಾಗಾಟದ ಶೇ. 72ರಷ್ಟು ಆಗಲೇ ಗ್ರೀನಿಚ್ ಆಧಾರದ ನಕ್ಷೆಗಳನ್ನು ಬಳಸುತ್ತಿದ್ದುದರಿಂದ ಮಾಸ್ಕೆಲೈನ್ ಬೆಳೆಸಿದ ರೂಢಿಗೆ ಒಪ್ಪಿಗೆಯ ಮುದ್ರೆ ಬಿತ್ತು. ಫ್ರಾನ್ಸ್ 1911ರವರೆಗೂ ಪ್ಯಾರಿಸ್ ಸಮಯವನ್ನೇ ನಡೆಸಿತು.

ಇನ್ನು ಆ 102 ಮೀಟರು. ಏರಿ ತನ್ನ ಉಪಕರಣದ ಲಂಬವನ್ನು ಪಾದರಸದ ತೊಟ್ಟಿಯಿಂದ ಗೊತ್ತುಮಾಡುತ್ತಿದ್ದ. ಪಾದರಸದ ಮಟ್ಟವನ್ನು ನಿರ್ಧರಿಸುವುದು ಆ ಸ್ಥಳದ ಗುರುತ್ವ. ಭೂಮಿಯೊಳಗೆ ದ್ರವ್ಯ ಎಲ್ಲೆಡೆ ಸಮವಾಗಿ ಹಂಚಿಲ್ಲವಾದ್ದರಿಂದ ಗ್ರೀನಿಚ್‌ನಲ್ಲಿ ಲಂಬ ತುಸು ವಾಲಿದೆ. ಉಪಗ್ರಹಗಳು ಇಡೀ ಭೂಮಿಯ ದ್ರವ್ಯಕೇಂದ್ರವನ್ನು ಹಿಡಿದು ಅಳೆಯುತ್ತವೆ. ಏರಿಯ ಅಳತೆ ತನ್ನ ನೆಲಕ್ಕೆ ಸರಿಯಾಗಿತ್ತು, ಉಪಗ್ರಹದ ಅಳತೆ ಇಡೀ ಗೋಲಕ್ಕೆ ಸರಿಯಾಗಿದೆ.

ಮೂಲ ರೇಖೆಯ ಕಲ್ಪನೆ ನಮ್ಮ ಗಣಿತಜ್ಞರಿಗೂ ಹೊಸದಲ್ಲ. ಸೂರ್ಯಸಿದ್ಧಾಂತದಂಥ ಗ್ರಂಥಗಳು ಲಂಕೆ ಮತ್ತು ಉಜ್ಜಯಿನಿಯ ಮೂಲಕ ಹಾಯುವ ರೇಖೆಯಿಂದ ಎಣಿಸುತ್ತವೆ. ಆ ರೇಖೆಯಿಂದ ತಮ್ಮೂರಿಗಿರುವ ವ್ಯತ್ಯಾಸವನ್ನು ಸರಿಪಡಿಸಲು ಪಂಚಾಂಗಕರ್ತರು ದೇಶಾಂತರ ಸಂಸ್ಕಾರ ಮಾಡುತ್ತಿದ್ದರು. ಉಜ್ಜಯಿನಿ, ಚಿಕ್ಕಮಗಳೂರು ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ ಎಂದರೆ ಮೂಲ ರೇಖೆ ನಮ್ಮ ಮಲೆನಾಡಿನ ಮೇಲೆಯೇ ಹಾಯುತ್ತಿತ್ತು ಎಂದಾಯಿತು. 1906ರ ಜನವರಿ 1ರಂದು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿನ ಭಾರತೀಯ ಕಾಲಮಾನ ಜಾರಿಗೆ ಬಂದ ಮೇಲೆ ಚಿಕ್ಕಮಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 27 ನಿಮಿಷಕ್ಕೆ.

ಊರಿನ ಸಮಯದಿಂದ ದೇಶದ ಸಮಯಕ್ಕೆ ನಮ್ಮವರು ಹೇಗೆ ದಾಟಿದರು ಎಂಬುದಕ್ಕೆ ಆ ದಶಕಗಳ ಪಂಚಾಂಗಗಳಿಗಿಂತ ಒಳ್ಳೆಯ ದಾಖಲೆ ಬೇರೆ ಸಿಗಲಾರದು. ವರ್ಷ ಮುಗಿದೊಡನೆ ಎಸೆಯುವ ಪುಸ್ತಕವಾದ್ದರಿಂದ ಅವು ಉಳಿಯುವುದೇ ಕಡಿಮೆ. ನಿಮ್ಮ ಮನೆಯ ಅಟ್ಟದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ಕನ್ನಡ ಪಂಚಾಂಗಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ.