ಪದ ಪರಿಚಯ: ಕೋಡಂಗಿ

‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಗಾದೆಯಲ್ಲಿ ಕೋಡಂಗಿ ಎಂದರೆ ಪೆದ್ದ. ವಿದೂಷಕ, ಹಾಸ್ಯಗಾರ ಎಂಬ ಅರ್ಥಗಳೂ ಉಂಟು. ಮಂಗನಿಗಿರುವ ಹಳೆಯ ಹೆಸರು ‘ಕೋಡಗ’ದೊಂದಿಗೆ ಇದನ್ನು ಜೋಡಿಸುತ್ತಾರೆ. ಕುಣಿತ, ಚೇಷ್ಟೆ ಇಬ್ಬರಿಗೂ ಸಮಾನವಾದ್ದರಿಂದ ನನಗೂ ಅದು ಒಪ್ಪಿಗೆ.

ಉಡುಪಿ, ಕಾರ್ಕಳದ ಕಡೆ ಈ ಪದಕ್ಕೆ ಬೇರೆಯದೇ ತೂಕ. ಯಕ್ಷಗಾನದಲ್ಲಿ ಕಥೆಗೆ ಮುಂಚೆ ನಡೆಯುವ ಪೂರ್ವರಂಗದಲ್ಲಿ ಮೊದಲು ಕುಣಿಯುವ ಹುಡುಗರೇ ಕೋಡಂಗಿಗಳು. ಮೇಳ ಸೇರಿದ ಬಾಲಕ ಗೆಜ್ಜೆ ಕಟ್ಟುತ್ತಿದ್ದುದು ಇಲ್ಲಿಂದಲೇ. ಅರ್ಥ, ಅಂದರೆ ಪಾತ್ರದ ಮಾತು, ಹೇಳಬೇಕಿಲ್ಲ; ತಾಳ ತಪ್ಪದಿದ್ದರೆ ಸಾಕು. ಆಮೇಲೆ ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ, ಪುರುಷವೇಷ. ಎಷ್ಟೋ ತಿರುಗಾಟಗಳ ಬಳಿಕ, ಕೆಲವರಿಗೆ ಮಾತ್ರ, ಎರಡನೇ ವೇಷ. ಯಕ್ಷಗಾನದ ಬಡಗುತಿಟ್ಟು ಶೈಲಿಯಲ್ಲಿ ಒಂದನೇ ವೇಷವೆಂದರೆ ಹಾಡುವ ಭಾಗವತರು; ಹಾಗಾಗಿ ಕಥಾನಾಯಕನಿಗೇ ಎರಡನೆಯ ಸ್ಥಾನ. ಕಲಾವಿದ ಹಾರಾಡಿ ರಾಮ ಗಾಣಿಗರ ಹೆಸರು ಇಂದಿಗೂ ನಿಂತಿರುವುದು ಆ ವೇಷದಿಂದ.

ಕೋಡಂಗಿಯಿಂದ ಎರಡನೇ ವೇಷದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಇಂಥದೇ ಏಣಿ ಪಾತ್ರ ಬೆಳೆಸುವ ವಿಡಿಯೊ ಗೇಮುಗಳ ಸುಖವೂ ಹೌದು. 1990ರ ಜಪಾನಿನ ‘ಫೈರ್ ಎಂಬ್ಲಮ್’ನಲ್ಲಿ ಸೈನಿಕ ಕಾದಾಡಿ ಅನುಭವದ ಅಂಕ ಗಳಿಸುತ್ತಾನೆ, 10ನೇ ಲೆವೆಲ್ ಮುಟ್ಟಿ, ತಕ್ಕ ವಸ್ತು ಕೈಗೆ ಬಂದರೆ ಮೇಲಿನ ದರ್ಜೆಗೆ ಏರುತ್ತಾನೆ. ನಿನ್ನೆ ಕೈಗೂಡದ್ದು ಇಂದು ಕೈಗೂಡಿದಾಗಲೇ ಆ ಏರಿಕೆಗೆ ರುಚಿ. ಬರೀ ಅಂಕಿ ಹೆಚ್ಚಿಸುವ ಆಟಗಳು ಬೇಗ ಸಪ್ಪೆಯಾಗುತ್ತವೆ.

ಮತ್ತೆ ಯಕ್ಷಗಾನಕ್ಕೆ ಬಂದರೆ, ಕೆಲವೇ ಗಂಟೆಗಳ ಕಾಲಮಿತಿ ಪ್ರದರ್ಶನಗಳು ಬಂದ ಮೇಲೆ ಪೂರ್ವರಂಗ ಮೊಟಕಾಗಿ, ಕೋಡಂಗಿಯನ್ನು ರಂಗದಲ್ಲಿ ಕಾಣುವುದು ಅಪರೂಪ. ಆದರೂ 1971ರಲ್ಲಿ ಉಡುಪಿಯಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದಂಥ ಗುರುಕುಲಗಳಲ್ಲಿ ಮಕ್ಕಳು ಹೆಜ್ಜೆ, ತಾಳದಿಂದಲೇ ಈಗಲೂ ಕಲಿಕೆ ಆರಂಭಿಸುತ್ತಾರೆ.